ಆಪ್ತಸಮಾಲೋಚನೆಯ ಮಾತು ಎಷ್ಟು ಗುಟ್ಟು?

ಪ್ರಶ್ನೆ: ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದು, ಮಂಡ್ಯದಲ್ಲಿ ಆಪ್ತಸಮಾಲೋಚಕಿಯೊಬ್ಬರನ್ನು ಕಾಣುತ್ತಿದ್ದೇನೆ. ಅವರಿಗೆ ಹೇಳಿದ್ದು ಗಂಡನ ವಕೀಲರಿಗೆ ತಿಳಿಯಬಹುದೇ?
– ಒಬ್ಬ ಓದುಗಿ, ಮಂಡ್ಯ

ಉತ್ತರ: ತಂಗಿ, ನೀವು ನೆರವು ಕೇಳಿ ಹೊರಟದ್ದೇ ಸರಿಯಾದ ಹೆಜ್ಜೆ; ಈ ಭಯಕ್ಕೆ ಅದನ್ನು ನಿಲ್ಲಿಸಬೇಡಿ. ನಿಮ್ಮ ಒಪ್ಪಿಗೆಯಿಲ್ಲದೆ ಗಂಡನಿಗಾಗಲಿ, ಅವರ ವಕೀಲರಿಗಾಗಲಿ ವಿಷಯ ತಿಳಿಸುವುದು ಸಮಾಲೋಚಕರ ವೃತ್ತಿಧರ್ಮಕ್ಕೆ ವಿರುದ್ಧ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವವರ ಗೋಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಹಕ್ಕೆಂದೇ ಮಾನ್ಯ ಮಾಡಿದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಷ್ಟೇ ಅದಕ್ಕೆ ಹೊರತು.

ಆದರೆ ಒಂದು ಕೊರತೆಯನ್ನು ಮುಚ್ಚಿಡಲಾರೆ. ವಕೀಲರು ಮತ್ತು ಕಕ್ಷಿದಾರರ ನಡುವಿನ ಮಾತಿಗೆ ಸಾಕ್ಷ್ಯ ಕಾನೂನಿನಲ್ಲಿರುವ ವಿಶೇಷ ರಕ್ಷಣೆ ಸಮಾಲೋಚಕರ ಮುಂದಿನ ಮಾತಿಗಿಲ್ಲ, ಹೀಗಾಗಿ ನ್ಯಾಯಾಲಯ ಸಮನ್ಸ್ ಕಳುಹಿಸಿದರೆ ಅವರು ಹಾಜರಾಗಬೇಕಾಗಬಹುದು. ನೊಂದವರ ಪಾಲಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 14ನೇ ಕಲಮಿನಡಿ ಮ್ಯಾಜಿಸ್ಟ್ರೇಟರೇ ಕಳುಹಿಸುವ ಸಮಾಲೋಚನೆಯಂತೂ ಬೇರೆಯದೇ ಬಗೆ: ಅಲ್ಲಿ ಸಮಾಲೋಚಕರು ನ್ಯಾಯಾಲಯಕ್ಕೆ ವರದಿ ಕೊಡುತ್ತಾರೆ. ಅದೇ ಕಾಯ್ದೆಯ 16ನೇ ಕಲಮಿನಂತೆ ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ನಡೆಸುವಂತೆ ನೀವು ಕೋರಬಹುದು.

ಮುಂದಿನ ಭೇಟಿಯಲ್ಲಿ, ಏನನ್ನು ಬರೆದಿಡುತ್ತೀರಿ, ಯಾರಿಗೆ ತೋರಿಸುತ್ತೀರಿ ಎಂದು ನೇರವಾಗಿ ಕೇಳಿ. ದೂರು, ದಾವೆಗಳ ಸೂಕ್ಷ್ಮ ವಿವರಗಳನ್ನು ನಿಮ್ಮ ವಕೀಲರೊಡನೆ ಮಾತಾಡಿ. ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ತುರ್ತಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.