ನೋಟರಿ ಹತ್ತಿರ ಹೋಗುವ ಮೊದಲು ಏನೇನು ಸಿದ್ಧ ಮಾಡಿಕೊಳ್ಳಬೇಕು?

ನೀವು ಕೇಳಿದ್ದು ಎರಡು ಕೆಲಸ: ದಾಖಲೆಗಳಲ್ಲಿ ತಾಯಿಯವರ ಹೆಸರಿನ ವ್ಯತ್ಯಾಸಕ್ಕೆ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ), ಧಾರವಾಡದ ಹೊಲ ಮಾರಲು ತಾಯಿಯವರು ನಿಮ್ಮ ತಮ್ಮನಿಗೆ ಕೊಡುವ ಪವರ್ ಆಫ್ ಅಟಾರ್ನಿ (ಅಧಿಕಾರಪತ್ರ). ಇಲ್ಲಿ, ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ನೋಟರಿಯ ಬಳಿಯೇ ಸಲೀಸಾಗಿ ಮುಗಿಯುವುದು ಮೊದಲನೆಯದು ಮಾತ್ರ.

ಅಫಿಡವಿಟ್‌ಗೆ ತಾಯಿಯವರೇ ಬರಬೇಕು. ಮನೆಯಲ್ಲೇ ಸಹಿ ಹಾಕಿಸಿ ತರಬೇಡಿ. ಸಹಿ ನೋಟರಿಯ ಎದುರೇ ಆಗಬೇಕು, ಅವರ ರಿಜಿಸ್ಟರಿನಲ್ಲೂ ನಮೂದಾಗಬೇಕು. ಆಧಾರ್, ಪ್ಯಾನ್ ಮೂಲ ಪ್ರತಿ, ಜೆರಾಕ್ಸ್, ಫೋಟೋ ಇರಲಿ. ಎರಡೂ ಹೆಸರುಗಳನ್ನು ದಾಖಲೆಯಲ್ಲಿದ್ದಂತೆ ಅಕ್ಷರಕ್ಕೆ ಅಕ್ಷರ ಬರೆಸಿ. 'ಗಂಗವ್ವ' ಒಂದು ಕಡೆ, 'ಗಂಗಾಬಾಯಿ' ಇನ್ನೊಂದು ಕಡೆ ಇರುವುದು ನಮ್ಮ ಮನೆಗಳಲ್ಲಿ ಮಾಮೂಲು! ಊರಿನ ಉತಾರ (ಹೊಲದ ಪಹಣಿ) ಕನ್ನಡದಲ್ಲಿದ್ದರೆ ಇಲ್ಲಿನ ನೋಟರಿಗೆ ಓದಲು ಬರಲಿಕ್ಕಿಲ್ಲ, ಇಂಗ್ಲಿಷ್ ಅಥವಾ ಮರಾಠಿ ಅನುವಾದ ಜೊತೆಗಿಡಿ. ಸ್ಟ್ಯಾಂಪ್ ಪೇಪರ್ ಮೊದಲೇ ಕೊಳ್ಳಬೇಡಿ, ನೋಟರಿಯನ್ನೇ ಕೇಳಿ: 2024ರ ಅಕ್ಟೋಬರಿನಿಂದ ಮಹಾರಾಷ್ಟ್ರದಲ್ಲಿ 100 ರೂಪಾಯಿಯ ಜಾಗಕ್ಕೆ 500 ಬಂದಿದೆ, ಆದರೆ ಜಾತಿ, ಆದಾಯ ಪ್ರಮಾಣಪತ್ರದಂಥ ಸರ್ಕಾರಿ ಕೆಲಸದ ಅಫಿಡವಿಟ್‌ಗೆ ವಿನಾಯಿತಿ ಇದೆ.

ಪವರ್ ಆಫ್ ಅಟಾರ್ನಿಯಲ್ಲೇ ಜನ ಎಡವುವುದು. ತಾಯಿಯವರು ಸಹಿ ಮಾಡಿದ ಕ್ರಯಪತ್ರವನ್ನು (ಮಾರಾಟದ ಪತ್ರ) ನಿಮ್ಮ ತಮ್ಮ ನೋಂದಣಿಗೆ ಹಾಜರುಪಡಿಸಬೇಕಾದರೆ ಪವರ್ ಆಫ್ ಅಟಾರ್ನಿಯ ಮೇಲೆ ನೋಟರಿ ಮುದ್ರೆ ಸಾಲದು. 1908ರ ನೋಂದಣಿ ಕಾಯ್ದೆಯ 33ನೇ ಕಲಮಿನ ಪ್ರಕಾರ ತಾಯಿಯವರು ವಾಸವಿರುವ ಕಡೆಯ ಸಬ್-ರಿಜಿಸ್ಟ್ರಾರ್ (ಉಪನೋಂದಣಾಧಿಕಾರಿ) ಆ ಅಧಿಕಾರಪತ್ರವನ್ನು ದೃಢೀಕರಿಸಬೇಕು. ತಮ್ಮನೇ ಸಹಿ ಹಾಕಿ ಮಾರುವುದಾದರೂ ನೋಂದಾಯಿಸಿದ ಅಧಿಕಾರಪತ್ರವೇ ಕ್ಷೇಮ. ಕರಡನ್ನು ಧಾರವಾಡದ ವಕೀಲರಿಗೆ ಮೊದಲು ವಾಟ್ಸಾಪ್ ಮಾಡಿ, ಸರ್ವೆ ನಂಬರ್ ತಾಳೆ ನೋಡಿಸಿಕೊಳ್ಳಿ.