ಕಾಲಿಯ ಗಣಿ ಖಾಲಿಯಾಗಿರಲಿಲ್ಲ

ಮೂಲ್ಕಿಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ. ಪಣಂಬೂರಿನ ಬಂದರಿನಲ್ಲಿ ಬಹಳ ವರ್ಷ ಟ್ಯಾಲಿ ಕ್ಲರ್ಕ್ ಆಗಿದ್ದವರು. ಪತ್ರದ ತಿರುಳು ಇಷ್ಟು: “ಕಳೆದ ಸಂಚಿಕೆಯಲ್ಲಿ ಎಲ್ಲೂರಿನ ವಿದ್ಯುತ್ ಸ್ಥಾವರದ ಬಗ್ಗೆ ಬರೆಯುತ್ತಾ, ಅದರ ಹಿಂದಿನ ಧಣಿಗಳಾದ ಲ್ಯಾಂಕೋ ಕಂಪೆನಿಯವರು ಕೊಂಡ ಆಸ್ಟ್ರೇಲಿಯದ ಗಣಿ ‘ಕಲ್ಲಿದ್ದಲಿನ ಕಾಲ ಮುಗಿದದ್ದರಿಂದ’ ಮುಳುಗಿತು ಎಂದಿದ್ದೀರಿ. ಎಲ್ಲೂರಿಗೆ ಹೋಗುವ ಕಲ್ಲಿದ್ದಲಿನ ರೇಕು, ಅಂದರೆ ಗೂಡ್ಸ್ ರೈಲು, ನಮ್ಮ ಮನೆಯ ಹಿಂದಿನಿಂದಲೇ ಹಾದುಹೋಗುತ್ತದೆ. ಕಾಲ ಮುಗಿದ ಸರಕನ್ನು ಇಷ್ಟೊಂದು ಯಾರು ಹೊರುತ್ತಾರೆ? ಆ ಗಣಿ ಖಾಲಿಯಾಯಿತೋ, ಖಾಲಿ ಮಾಡಿದರೋ, ಸರಿಯಾಗಿ ಬರೆಯಿರಿ.”

ಮಾನ್ಯರೇ,

ಆ ಸಾಲು ಬರೆದದ್ದು ನಾನೇ. ಡೆಸ್ಕಿನ ಹುಡುಗರ ಮೇಲೆ ಹಾಕುವಂತಿಲ್ಲ. ಪುಟ ಮುಗಿಸುವ ಅವಸರದಲ್ಲಿ ಎಲ್ಲರೂ ಆಡುವ ಮಾತು ಕೈಗೆ ಸಿಕ್ಕಿತು, ಹಾಕಿಬಿಟ್ಟೆ. ನಿಮ್ಮ ಪತ್ರ ಬಂದ ಮೇಲೆ ಇಸವಿಗಳನ್ನು ಒಂದರ ಪಕ್ಕ ಒಂದು ಬರೆದು ನೋಡಿದೆ, ಮುಖ ಕೆಂಪಗಾಯಿತು. ಆ ಗಣಿ ನಡೆಸುವ ಗ್ರಿಫಿನ್ ಕೋಲ್ ಕಂಪೆನಿಗೆ ರಿಸೀವರುಗಳು, ಅಂದರೆ ಸಾಲ ಕೊಟ್ಟವರ ಪರವಾಗಿ ಬೀಗದ ಕೈ ಹಿಡಿಯುವವರು, ಬಂದು ಕುಳಿತದ್ದು 2022ರ ಸೆಪ್ಟೆಂಬರಿನಲ್ಲಿ. ಉಕ್ರೇನ್ ಯುದ್ಧದ ಬಿಸಿಗೆ ಅದೇ ತಿಂಗಳು ಆಸ್ಟ್ರೇಲಿಯದ ನ್ಯೂಕ್ಯಾಸಲ್ ಬಂದರಿನಲ್ಲಿ ಕಲ್ಲಿದ್ದಲು ಟನ್ನಿಗೆ 400 ಡಾಲರ್ ದಾಟಿತ್ತು. ಅಂಥ ದರವನ್ನು ಆ ಮಾರುಕಟ್ಟೆ ಹಿಂದೆ ಕಂಡಿರಲಿಲ್ಲ. ಕಲ್ಲಿದ್ದಲಿಗೆ ಚಿನ್ನದ ಬೆಲೆ ಬಂದ ತಿಂಗಳಲ್ಲೇ ಕಲ್ಲಿದ್ದಲಿನ ಕಂಪೆನಿ ಮುಳುಗಿದ್ದು ಹೇಗೆ? ನಾನು ಬರೆಯಬೇಕಾಗಿದ್ದದ್ದು ಇದನ್ನು.

ಗಣಿ ಇರುವ ಊರಿನ ಹೆಸರು ಕಾಲಿ. ನಮ್ಮ ಕಡೆಯ ಬಾಯಲ್ಲಿ ಅದು ಖಾಲಿಯೇ ಆಗುತ್ತದೆ ಬಿಡಿ, ಆದರೆ ಊರು ಖಾಲಿಯದಲ್ಲ. ಪಶ್ಚಿಮ ಆಸ್ಟ್ರೇಲಿಯದಲ್ಲಿ, ಪರ್ತ್‌ನಿಂದ ಸುಮಾರು 200 ಕಿ.ಮೀ. ದಕ್ಷಿಣಕ್ಕಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅಲ್ಲಿ ಕಲ್ಲಿದ್ದಲು ತೆಗೆಯುತ್ತಿದ್ದಾರೆ, ಇನ್ನೂ ಬೇಕಾದಷ್ಟಿದೆ. ಗ್ರಿಫಿನ್ ಅಲ್ಲಿನ ಹಳೆಯ ಕಂಪೆನಿ. ರಿಕ್ ಸ್ಟೋವ್ ಎಂಬ, ಪತ್ರಕರ್ತರಿಗೆ ಮುಖ ಕೊಡದ ಶ್ರೀಮಂತನ ಕೈಯಲ್ಲಿತ್ತು. ಆತ ಬಾಂಡುಗಳ ಮೂಲಕ 47.5 ಕೋಟಿ ಅಮೆರಿಕನ್ ಡಾಲರ್ ಸಾಲ ಎತ್ತಿದ, ಬ್ಲೂವಾಟರ್ಸ್ ಎಂಬ ವಿದ್ಯುತ್ ಸ್ಥಾವರವನ್ನೂ ಕಟ್ಟಿಸಿದ. 2010ರ ಜನವರಿಯಲ್ಲಿ ಕಂಪೆನಿ, ದಿವಾಳಿಯಂಚಿಗೆ ಬಂದವುಗಳನ್ನು ನೋಡಿಕೊಳ್ಳುವ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಹಾಗಾಗಿ ಲ್ಯಾಂಕೋ ಕೊಂಡದ್ದು ಒಮ್ಮೆ ಆಗಲೇ ಬಿದ್ದೆದ್ದ ಗಣಿಯನ್ನು.

ಆ ಹೊತ್ತಿನ ಲ್ಯಾಂಕೋವನ್ನು ನೆನಪಿಸಿಕೊಳ್ಳಿ. ಎಲ್ಲೂರಿನಲ್ಲಿ 600 ಮೆಗಾವಾಟಿನ ಮೊದಲ ಘಟಕ ಚಾಲೂ ಆದದ್ದು 2010ರ ನವೆಂಬರಿನಲ್ಲಿ. ಅಷ್ಟೇ ದೊಡ್ಡ ಎರಡನೆಯದಕ್ಕೆ 2012ರವರೆಗೆ ಕಾಯಬೇಕಾಯಿತು. ಇಡೀ ಸ್ಥಾವರ ಹೊರದೇಶದ ಕಲ್ಲಿದ್ದಲನ್ನೇ ನಂಬಿದ್ದು. ಅತ್ತ ಇಂಡೋನೇಷ್ಯ ಸರಕಾರ ಕಲ್ಲಿದ್ದಲಿಗೆ ಆಧಾರ ಬೆಲೆ ಕಟ್ಟಲು ಹೊರಟಿತ್ತು. ಹಳೆಯ ಅಗ್ಗದ ಒಪ್ಪಂದಗಳು ಇನ್ನು ನಡೆಯವು ಎಂಬ ಸುದ್ದಿ. ನಮ್ಮ ದೇಶದ ವಿದ್ಯುತ್ ಕಂಪೆನಿಗಳೆಲ್ಲ ಸ್ವಂತ ಗಣಿ ಹುಡುಕಿಕೊಂಡು ಆಸ್ಟ್ರೇಲಿಯಕ್ಕೆ ಓಡಿದವು. 2010ರಲ್ಲಿ ಅದಾನಿ, 2011ರಲ್ಲಿ ಜಿವಿಕೆ, ಅದೇ 2011ರ ಆರಂಭದಲ್ಲಿ ಲ್ಯಾಂಕೋ. ಗ್ರಿಫಿನ್‌ಗೆ ಲ್ಯಾಂಕೋ ಒಪ್ಪಿದ ಬೆಲೆ ಸುಮಾರು 75 ಕೋಟಿ ಆಸ್ಟ್ರೇಲಿಯನ್ ಡಾಲರ್. ಆಗಿನ ಲೆಕ್ಕದಲ್ಲಿ ಮೂರು ಸಾವಿರ ಕೋಟಿ ರೂಪಾಯಿ ಮೀರುತ್ತದೆ. ಕ್ವೀನ್ಸ್‌ಲ್ಯಾಂಡಿನಲ್ಲಿ ನೆರೆ ಬಂದು ಗಣಿಗಳು ನೀರಲ್ಲಿ ಮುಳುಗಿ, ಕಲ್ಲಿದ್ದಲಿನ ದರ ಟನ್ನಿಗೆ 130 ಡಾಲರಿನ ಆಸುಪಾಸಿಗೆ ಏರಿದ್ದ ದಿನಗಳವು. ಅಡಿಕೆಗೆ ರೇಟು ಬಂದ ವರ್ಷವೇ ಸಾಲ ಮಾಡಿ ತೋಟ ಕೊಂಡವರನ್ನು ಪುತ್ತೂರು, ಸುಳ್ಯದ ಕಡೆ ನೀವೂ ನೋಡಿರುತ್ತೀರಿ.

ಇನ್ನು ಮುಂದಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗುಂಡಿಯ ಬಾಯಲ್ಲಿರುವ ಕಲ್ಲಿದ್ದಲೇ ಬೇರೆ, ಹಡಗಿನ ಹ್ಯಾಚಿನೊಳಗೆ ಬಿದ್ದ ಕಲ್ಲಿದ್ದಲೇ ಬೇರೆ. ವರ್ಷಕ್ಕೆ ಸುಮಾರು 40 ಲಕ್ಷ ಟನ್ ತೆಗೆಯುತ್ತಿದ್ದ ಗಣಿಯನ್ನು ಒಂದೂವರೆ ಕೋಟಿ ಟನ್ನಿಗೆ ಏರಿಸಿ, ಬನ್‌ಬರಿ ಬಂದರಿನಿಂದ ಹೊರಗೆ ಸಾಗಿಸುವುದು ಲ್ಯಾಂಕೋದ ಲೆಕ್ಕಾಚಾರ. ಕಾಲಿಯಿಂದ ಬನ್‌ಬರಿಗೆ 60 ಕಿ.ಮೀ. ಒಳಗೆ, ಪಣಂಬೂರಿನಿಂದ ಉಡುಪಿಗಿಂತ ಸ್ವಲ್ಪವೇ ಹೆಚ್ಚು. ರೈಲು ಹಳಿಯೂ ಇತ್ತು. ಇಲ್ಲದ್ದು ಅಷ್ಟು ಕಲ್ಲಿದ್ದಲನ್ನು ಹಡಗಿಗೆ ತುಂಬಿಸುವ ಬರ್ತು. ಅದು ನಕ್ಷೆಯಲ್ಲೇ ಉಳಿಯಿತು. ಮೇಲಿಂದ ಆ ಕಲ್ಲಿದ್ದಲಿನ ಗುಣ ಬೇರೆ: ಬೂದಿ ಕಡಿಮೆ, ಗಂಧಕ ಕಡಿಮೆ, ಅಷ್ಟರ ಮಟ್ಟಿಗೆ ಒಳ್ಳೆಯದೇ, ಆದರೆ ನೀರಿನಂಶ ಜಾಸ್ತಿ, ರಾಶಿ ಹಾಕಿದರೆ ತನ್ನಷ್ಟಕ್ಕೇ ಬಿಸಿಯೇರಿ ಬೆಂಕಿ ಹಿಡಿಯುವ ಜಾತಿ. ಯಾರ್ಡಿನಲ್ಲಿ ಹೊಗೆಯಾಡುವ ರಾಶಿಗೆ ನೀರು ಹೊಡೆಯುತ್ತಾ ನಿಂತವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಂಥದ್ದನ್ನು ಹಡಗಿನ ಹೊಟ್ಟೆಯಲ್ಲಿ ವಾರಗಟ್ಟಲೆ ಇಟ್ಟುಕೊಂಡು ಬರಬೇಕಾಗಿತ್ತು!

ದಾರಿಯ ಬೆಲೆ ತಿಳಿಯಲು ಆಸ್ಟ್ರೇಲಿಯಕ್ಕೆ ಹೋಗಬೇಕಾಗಿಲ್ಲ. ಕುದುರೆಮುಖದ ಗಣಿ ಎಲ್ಲಿ, ಪಣಂಬೂರು ಎಲ್ಲಿ? ನಡುವೆ ಘಟ್ಟ. ಅದಿರನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, ಸುಮಾರು 67 ಕಿ.ಮೀ. ಕೊಳವೆಯಲ್ಲಿ ಇಳಿಸುವ ಉಪಾಯ ಸಿಕ್ಕಿದ್ದರಿಂದಲೇ ಆ ಗಣಿಗೆ ಜೀವ ಬಂತು. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಅದು ನಿಂತಾಗಲೂ ಬೆಟ್ಟದಲ್ಲಿ ಅದಿರು ಮುಗಿದಿರಲಿಲ್ಲ. ಅತ್ತ ಅದಾನಿಯವರು ಕ್ವೀನ್ಸ್‌ಲ್ಯಾಂಡಿನ ಕಾರ್ಮೈಕಲ್ ಗಣಿಗಾಗಿ ಬಂದರು ಟರ್ಮಿನಲ್ಲನ್ನೇ ಕೊಂಡರು, 200 ಕಿ.ಮೀ. ಹಳಿ ಹಾಕಿದರು. ಆದರೂ ಮೊದಲ ಕಲ್ಲಿದ್ದಲು ಬಂದರಿಗೆ ಬಂದು ರಫ್ತಿಗೆ ಸಿದ್ಧವಾಗಲು 2021ರ ಡಿಸೆಂಬರ್ ಆಯಿತು. ಪರಿಸರದವರ ವಿರೋಧ, ಕೋರ್ಟು, ಕೈಕೊಟ್ಟ ಬ್ಯಾಂಕುಗಳು, ಅದು ಬೇರೆಯೇ ಕಥೆ. ಕಾಯಲು ಕಿಸೆಯಲ್ಲಿ ದುಡ್ಡಿತ್ತು, ಕಾದರು. ಲ್ಯಾಂಕೋಗೆ ಕಾಯುವ ಶಕ್ತಿ ಇರಲಿಲ್ಲ.

ಕಲ್ಲಿದ್ದಲು ಹೊರಗೆ ಹೋಗಲಾಗದೆ ಊರಲ್ಲೇ ಉಳಿಯಿತು. ಊರಲ್ಲಿ ಗಿರಾಕಿ ಯಾರು? ಮುಖ್ಯವಾಗಿ ಅದೇ ಬ್ಲೂವಾಟರ್ಸ್ ಸ್ಥಾವರ, ಅದೂ ಆಗ ಜಪಾನೀ ಕಂಪೆನಿಗಳ ಕೈ ಸೇರಿತ್ತು. ದರ, ಹಿಂದೆ ಬರೆದುಕೊಟ್ಟ ದೀರ್ಘಾವಧಿ ಒಪ್ಪಂದದ್ದು; ಅಗೆಯುವ ಖರ್ಚೇ ಅದಕ್ಕಿಂತ ಮೇಲೆ. ತೆಗೆದಷ್ಟೂ ನಷ್ಟ. ನಡುವೆ ಪೆರ್ಡಮನ್ ಎಂಬ ಯೂರಿಯಾ ಕಂಪೆನಿ, ಕಲ್ಲಿದ್ದಲು ಕೊಡುವ ಮಾತು ಮುರಿದಿರಿ ಎಂದು 350 ಕೋಟಿ ಡಾಲರಿನ ದಾವೆ ಹೂಡಿತು. ಅದು 2013ರಲ್ಲಿ ರಾಜಿಯಾಯಿತು. 2016ರ ಹೊತ್ತಿಗೆ ಮಾರುಕಟ್ಟೆಯ ದರ 50 ಡಾಲರಿನ ಹತ್ತಿರಕ್ಕೆ ಕುಸಿದಿತ್ತು. ಆ ವರ್ಷ ಅಲ್ಲಿನ ಕಾರ್ಮಿಕ ನ್ಯಾಯಮಂಡಳಿ ಹಳೆಯ ವೇತನ ಒಪ್ಪಂದವನ್ನು ರದ್ದು ಮಾಡಲು ಕಂಪೆನಿಗೆ ಒಪ್ಪಿಗೆ ಕೊಟ್ಟಿತು. ಕಾರ್ಮಿಕರ ಸಂಬಳ 43 ಶೇಕಡದವರೆಗೆ ಕತ್ತರಿಸಿತು. ಮೇಲಿನವರ ಲೆಕ್ಕ ತಪ್ಪಿದ್ದಕ್ಕೆ ಗುಂಡಿಯೊಳಗಿನವನ ಮನೆಯ ಅನ್ನ ಅರ್ಧವಾಯಿತು. ಈ ಇಡೀ ವ್ಯವಹಾರದಲ್ಲಿ ನನಗೆ ನುಂಗಲಾಗದ ಭಾಗ ಇದು.

ಲ್ಯಾಂಕೋ ಸಾಲ ತೀರಿಸಲು ಮನೆಯ ಒಳ್ಳೆಯ ಪಾತ್ರೆಯನ್ನೇ ಮಾರಬೇಕಾಯಿತು. ಎಲ್ಲೂರಿನ ಸ್ಥಾವರ ಅದಾನಿಯವರಿಗೆ ಹೋಗುವುದೆಂದು 2014ರ ಆಗಸ್ಟಿನಲ್ಲಿ ಘೋಷಣೆಯಾಯಿತು. ಸಾಲವೂ ಸೇರಿ 6,000 ಕೋಟಿ ರೂಪಾಯಿ ಮೀರಿದ ವ್ಯವಹಾರ. ಅದೂ ಸಾಲಲಿಲ್ಲ. 2017ರಲ್ಲಿ ರಿಸರ್ವ್ ಬ್ಯಾಂಕ್ ಗುರುತಿಸಿದ ಹನ್ನೆರಡು ದೊಡ್ಡ ಸುಸ್ತಿ ಖಾತೆಗಳಲ್ಲಿ ಲ್ಯಾಂಕೋ ಇನ್‌ಫ್ರಾಟೆಕ್ ಒಂದು, ಸಾಲ 40 ಸಾವಿರ ಕೋಟಿಗೂ ಮೇಲೆ. 2018ರ ಆಗಸ್ಟಿನಲ್ಲಿ ಕಂಪೆನಿ ಮುಚ್ಚಿ ಮಾರಲು ಆದೇಶವಾಯಿತು. ಸ್ಥಾಪಕ ಲಗಡಪಾಟಿ ರಾಜಗೋಪಾಲ್ ಅವರ ಹೆಸರು ಹೆಚ್ಚಿನವರಿಗೆ ನೆನಪಿರುವುದು ಗಣಿಯಿಂದಲ್ಲ, 2014ರಲ್ಲಿ ಲೋಕಸಭೆಯೊಳಗೆ ಮೆಣಸಿನ ಸ್ಪ್ರೇ ಹೊಡೆದದ್ದರಿಂದ.

ಗ್ರಿಫಿನ್ ಮಾತ್ರ ಉಸಿರು ಹಿಡಿದುಕೊಂಡಿತ್ತು. ಅದಕ್ಕೆ ದೊಡ್ಡ ಸಾಲ ಕೊಟ್ಟದ್ದು ನಮ್ಮದೇ ಐಸಿಐಸಿಐ ಬ್ಯಾಂಕ್. ಹಾಗಾದರೆ 400 ಡಾಲರಿನ ದರ ಯಾಕೆ ಕೈಹಿಡಿಯಲಿಲ್ಲ? ಮಳೆಗಾಲದಲ್ಲಿ ಬಂಗುಡೆಗೆ ಎಷ್ಟು ರೇಟು ಬಂದರೇನು, ಮಲ್ಪೆ ಧಕ್ಕೆಯಲ್ಲಿ ಕಟ್ಟಿಹಾಕಿದ ಬೋಟಿಗೆ ಅದರಿಂದ ಏನು ಸಿಕ್ಕೀತು ಮಾರಾಯ್ರೆ? ಆ ದರ ಹಡಗೇರಿದ ಕಲ್ಲಿದ್ದಲಿನದ್ದು. ಕಾಲಿಯದ್ದು ಹಡಗೇರುತ್ತಿರಲಿಲ್ಲ, ಹಳೆಯ ಕ್ರಯಕ್ಕೆ ಪಕ್ಕದ ಮನೆಗೆ ಹೋಗುತ್ತಿತ್ತು.

ಕೊನೆಗೆ ನಿಮ್ಮ “ಖಾಲಿಯಾಯಿತೋ, ಮಾಡಿದರೋ” ಎಂಬ ಪ್ರಶ್ನೆ. ಎರಡೂ ಅಲ್ಲ. ರಿಸೀವರುಗಳು ಕುಳಿತ ಮೇಲೂ ಅಗೆತ ನಿಲ್ಲಲಿಲ್ಲ. ಗಣಿ ನಿಂತಿದ್ದರೆ ಬ್ಲೂವಾಟರ್ಸ್ ಆರುತ್ತಿತ್ತು, ಪರ್ತ್‌ನ ಗ್ರಿಡ್ಡಿಗೆ ಏಟು ಬೀಳುತ್ತಿತ್ತು. ಸರಕಾರಿ ಕಲ್ಲಿದ್ದಲು ಸ್ಥಾವರಗಳನ್ನೆಲ್ಲ 2030ರೊಳಗೆ ಮುಚ್ಚುತ್ತೇವೆ ಎಂದು ಘೋಷಿಸಿದ ಅದೇ ರಾಜ್ಯ ಸರಕಾರ, ಖಾಸಗಿ ಗಣಿಯೊಂದನ್ನು ನಡೆಸಲು ಬೊಕ್ಕಸದಿಂದ ಕೋಟಿಗಟ್ಟಲೆ ಡಾಲರ್ ಸುರಿದಿದೆ. ಲಾಭ ಬಂದಿದ್ದರೆ ಅದರಲ್ಲಿ ಅಲ್ಲಿನ ತೆರಿಗೆದಾರನಿಗೆ ಪಾಲು ಸಿಗುತ್ತಿತ್ತೇ ಎಂದು ಕೇಳಬೇಡಿ.

ತಿದ್ದುಪಡಿಯನ್ನು ಈ ಸಂಚಿಕೆಯಲ್ಲೇ, ಮೂಲೆಯಲ್ಲಲ್ಲ, ಲೇಖನ ಬಂದಿದ್ದ ಪುಟದಲ್ಲೇ ಹಾಕಿದ್ದೇವೆ. ಪಣಂಬೂರಿನ ನಿಮ್ಮ ದಿನಗಳ ಬಗ್ಗೆ ಬರೆಯುವ ಮನಸ್ಸಿದ್ದರೆ ಬರೆದು ಕಳಿಸಿ. ಬರೆಯಲು ಬೇಸರವಾದರೆ ಒಂದು ಭಾನುವಾರ ನಾನೇ ಮೂಲ್ಕಿಗೆ ಬರುತ್ತೇನೆ, ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ.

– ಸಂಪಾದಕ, ಉಡುಪಿ