ಮೊದಲು ತೋಟದ ತಾರೀಖು ಬರೆದುಕೊಳ್ಳಿ

ಪ್ರಶ್ನೆ: ಹಲವು ವರ್ಷಗಳಿಂದ ಸಾವಯವ ತೋಟ ಮಾಡುತ್ತಿದ್ದೇನೆ. ಅದರ ಬಗ್ಗೆ ಪತ್ರಿಕೆಗೆ ಬರೆಯುತ್ತೇನೆ. ಈಚೆಗೆ ಭಾಷಣಕ್ಕೂ ಕರೆಯುತ್ತಾರೆ, ಸಂಭಾವನೆ ಕೊಡುತ್ತಾರೆ. ಮನೆ ನಡೆಯಲು ಆ ದುಡ್ಡು ಬೇಕೇ ಬೇಕು. ಆದರೆ ತಿರುಗಾಟ ಮುಗಿಸಿ ಬರುವಷ್ಟರಲ್ಲಿ ಸಸಿ ಬಾಡಿರುತ್ತದೆ, ಹುರುಳಿಕಾಯಿ ಬಳ್ಳಿಗೆ ಗಿಡದ ಹೇನು ಹತ್ತಿರುತ್ತದೆ. ಲೇಖನ ಯಾವಾಗಲೂ ತಡ. ಇಂಥ ತೋಟ ಇಟ್ಟುಕೊಂಡು ಪಾಠ ಹೇಳುವುದು ಮೋಸ ಅನಿಸುತ್ತಿದೆ. ಈಗ ಬಿತ್ತನೆಯ ವಾರಕ್ಕೇ ಮತ್ತೊಂದು ಕರೆ ಬಂದಿದೆ. ದುಡ್ಡಿಲ್ಲವಂತೆ, ‘ಹೆಸರು ಬರುತ್ತೆ’ ಅನ್ನುತ್ತಾರೆ. ಯಾವುದನ್ನು ಬಿಡಲಿ?

ಉತ್ತರ: ಯಾವುದನ್ನೂ ಪೂರ್ತಿ ಬಿಡಬೇಡಿ. ಆದರೆ ಮೂರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಲೇಖನವನ್ನು ರಾತ್ರಿ ಕೂತಾದರೂ ಬರೆಯಬಹುದು. ಭಾಷಣದ ದಿನ ಮುಂದೆ ಹಾಕಬಹುದು. ತೋಟ ಮಾತ್ರ ಯಾರಿಗೂ ಕಾಯುವುದಿಲ್ಲ.

ಹೇನನ್ನೇ ನೋಡಿ. ಮೊದಲು ಬಳ್ಳಿ ಹತ್ತುವ ಇರುವೆ ಸಾಲು ಕಾಣುತ್ತದೆ. ಕುಡಿಯ ಹತ್ತಿರದ ಎಲೆ ಮಗುಚಿದರೆ ನಾಲ್ಕೈದು ಹೇನು. ಅವತ್ತೇ ಬೆರಳಲ್ಲಿ ಒರೆಸಿದರೆ ಕೆಲಸ ಮುಗಿಯಿತು. ಬಿಟ್ಟರೆ, ಬೆಚ್ಚಗಿನ ದಿನಗಳಲ್ಲಿ ಅವು ಗಂಡಿಲ್ಲದೆಯೇ ಮರಿ ಹಾಕುತ್ತವೆ, 7ರಿಂದ 10 ದಿನದಲ್ಲಿ ಆ ಮರಿಗಳೂ ಮರಿ ಹಾಕಲು ಶುರು ಮಾಡುತ್ತವೆ. ಕೀಟನಾಶಕ ಹೊಡೆಯುವವರು ತಡವಾಗಿ ಬಂದರೂ ಡಬ್ಬಿ ತೆರೆಯುತ್ತಾರೆ. ನಿಮಗೆ ಆ ದಾರಿ ಇಲ್ಲ, ಅಲ್ವಾ? ದಿನಾ ಹೋಗಿ ನೋಡುವುದೇ ನಿಮ್ಮ ಮೊದಲ ಔಷಧಿ.

ಹಾಗಾಗಿ ಕ್ಯಾಲೆಂಡರ್‌ನಲ್ಲಿ ಮೊದಲು ತೋಟದ ದಿನಗಳನ್ನು ಗುರುತು ಹಾಕಿ. ಬಿತ್ತನೆ, ನಾಟಿ, ನಾಟಿಯಾದ ಮೇಲೆ ಸಸಿ ಬೇರು ಹಿಡಿಯುವ ವಾರಗಳು. ಆ ದಿನಗಳಿಗೆ ಯಾರು ಕರೆದರೂ ಇಲ್ಲ ಅನ್ನಿ. ಉಳಿದ ದಿನಗಳಷ್ಟೇ ಭಾಷಣಕ್ಕೆ. ಭಾಷಣ ಜಾಸ್ತಿ ಇರುವ ತಿಂಗಳುಗಳಲ್ಲಿ ಎಲ್ಲ ಪಾತಿಗೂ ತರಕಾರಿ ಹಾಕಬೇಕೆಂದಿಲ್ಲ. ಒಂದೆರಡಕ್ಕೆ ಅಪ್ಸೆಣಬನ್ನೋ (ಹಸಿರೆಲೆ ಗೊಬ್ಬರದ ಸೆಣಬು, ಗೋಣಿ ನಾರಿನದ್ದಲ್ಲ) ಅಲಸಂದೆಯನ್ನೋ ಬಿತ್ತಿ, ಹೂ ಬಿಡುವಾಗ ಕತ್ತರಿಸಿ ಮಣ್ಣಿಗೆ ಸೇರಿಸಿ. ಅಷ್ಟು ಹೊತ್ತಿಗೆ ಅವುಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಟ್ಟಿರುತ್ತವೆ. ನೀವು ಊರಲ್ಲಿಲ್ಲದಿದ್ದರೂ ಮಣ್ಣಿಗೆ ಊಟ ಸಿಗುತ್ತದೆ.

ಇನ್ನು ದುಡ್ಡಿನ ಮಾತು. ಕೇಳಲು ಸಂಕೋಚ ಬೇಡ. ಒಂದು ಗಂಟೆಯ ಭಾಷಣ ಅಂದರೆ ತಯಾರಿ, ಪ್ರಯಾಣ, ಮಾರನೇ ದಿನದ ಸುಸ್ತು ಎಲ್ಲ ಸೇರಿ ಎರಡು ಮೂರು ದಿನ ಹೋಗುತ್ತದೆ. ಆ ದಿನಗಳಲ್ಲಿ ತೋಟ ನೋಡುವವರ ಕೂಲಿಯನ್ನೂ ನಿಮ್ಮ ಸಂಭಾವನೆಯಲ್ಲೇ ಸೇರಿಸಿ. ಅವರಿಗೆ ಸುಮ್ನೆ ‘ನೀರು ಹಾಕಿ’ ಅಂದರೆ ಸಾಲದು. ಜೊತೆಗೆ ಕರೆದುಕೊಂಡು ಹೋಗಿ ಹೇನು ತೋರಿಸಿ, ಗುಲಗಂಜಿ ಹುಳುವಿನ ಮರಿಯನ್ನೂ ತೋರಿಸಿ. ಕಪ್ಪಗೆ, ಉದ್ದಕ್ಕೆ, ಮೈಯೆಲ್ಲ ಮುಳ್ಳು ಮುಳ್ಳಾಗಿರುವ ಆ ಮರಿ ಹೇನು ತಿಂದೇ ಬೆಳೆಯುತ್ತದೆ. ಗೊತ್ತಿಲ್ಲದವರು ಅದನ್ನೇ ಕೀಟ ಅಂತ ಹೊಸಕಿ ಹಾಕುತ್ತಾರೆ. ನನಗಂತೂ ತುಂಬ ಹೊಟ್ಟೆ ಉರಿಯುವ ವಿಷಯ ಇದು.

ಲೇಖನಕ್ಕೆ ಬೇರೆ ಸಮಯ ಹುಡುಕಬೇಡಿ. ಸಂಜೆ ತೋಟದಿಂದ ಬಂದ ಕೂಡಲೇ ಏನು ಕಂಡಿತೋ ಅದನ್ನು ನಾಲ್ಕು ಸಾಲು ಬರೆದಿಡಿ. ಲೇಖನ ಅದರಿಂದ ಹುಟ್ಟಲಿ, ಭಾಷಣ ಆ ಲೇಖನದಿಂದ.

ಮೋಸ ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಎಲ್ಲ ಚೆನ್ನಾಗಿದೆ ಅಂತ ವೇದಿಕೆಯಲ್ಲಿ ಸುಳ್ಳು ಹೇಳಿದರೆ ಮಾತ್ರ ಮೋಸ. ಸಸಿ ಬಾಡಿದ್ದು, ಯಾಕೆ ಬಾಡಿತು, ಮಣ್ಣಿಗೆ ಒಣ ಎಲೆ ಹೊದಿಸಿದ್ದರೆ ಇನ್ನೆಷ್ಟು ದಿನ ತಡೆಯುತ್ತಿತ್ತು ಅನ್ನುವುದನ್ನು ಹೇಳಿ. ಕೇಳುವವರಲ್ಲಿ ಎಷ್ಟೋ ಜನರ ಸಸಿಗಳೂ ಬಾಡಿರುತ್ತವೆ. ಅವರು ಬಂದಿರುವುದೇ ಅದಕ್ಕೆ.

ಈಗ ಬಂದಿರುವ ಕರೆಗೆ ಹೀಗೆ ಬರೆಯಿರಿ: ‘ಆ ವಾರ ನನಗೆ ಬಿತ್ತನೆ ಇದೆ, ಬರಲು ಆಗುವುದಿಲ್ಲ. ಮುಂದಿನ ತಿಂಗಳು ಬರಬಲ್ಲೆ. ನನ್ನ ಸಂಭಾವನೆ ಇಷ್ಟು, ಪ್ರಯಾಣದ ಖರ್ಚು ಬೇರೆ.’ ಕ್ಷಮೆ ಕೇಳುವ ಸಾಲು ಸೇರಿಸಬೇಡಿ. ಇವತ್ತೇ ಕಳಿಸಿ.